ಆದಾಮನಿಗೆ ಕಣ್ಣು ಬಿಟ್ಟಾಗಲೇ ಏನೇನು ಗೊತ್ತಿತ್ತು?

ಪ್ರಶ್ನೆ: ದೇವರು ಆದಾಮನನ್ನು ಮಗುವಾಗಿ ಮಾಡದೆ ನೇರವಾಗಿ ಬೆಳೆದ ಗಂಡಸಾಗಿಯೇ ಮಾಡಿದ ಅಂತಾರೆ. ಹಾಗಾದ್ರೆ ನಡೆಯೋದು, ಮಾತಾಡೋದು, ಏನು ತಿನ್ನಬೇಕು ಅನ್ನೋದನ್ನೆಲ್ಲ ಅವನಿಗೆ ಯಾರು ಕಲಿಸಿದ್ರು? ಎಲ್ಲ ತಲೆಯೊಳಗೆ ಮೊದಲೇ ಇತ್ತಾ?

ಭಕ್ತರೂ ಕೇಳುವ ಪ್ರಶ್ನೆ ಇದು, ನಾಸ್ತಿಕರೂ ಕೇಳುವ ಪ್ರಶ್ನೆ. ಆದಾಮ ಅಂತ ಒಬ್ಬ ನಿಜವಾಗಿ ಇದ್ದನೋ ಇಲ್ಲವೋ ಅನ್ನೋದು ಬೇರೆ ಜಗಳ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಕಥೆ ಹೇಗಿದೆಯೋ ಹಾಗೇ ಒಪ್ಪಿಕೊಂಡು, ಅವನಿಗೆ ಏನು ಗೊತ್ತಿರಲೇಬೇಕಿತ್ತು, ಏನು ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ ಅಂತ ನೋಡೋಣ.

ಬೈಬಲ್ಲಿನ ಆದಿಕಾಂಡದ 2ನೇ ಅಧ್ಯಾಯ ತೆಗೆಯಿರಿ. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ಮಾಡಿ ಮೂಗಿನಲ್ಲಿ ಉಸಿರು ಊದುತ್ತಾನೆ, ಏದೆನ್ ತೋಟಕ್ಕೆ ತಂದು ವ್ಯವಸಾಯ ಮಾಡಿಕೊಂಡು ಕಾಯುವ ಕೆಲಸ ಕೊಡುತ್ತಾನೆ, ಯಾವ ಮರದ ಹಣ್ಣನ್ನಾದರೂ ತಿನ್ನು, ಒಳ್ಳೇದು ಕೆಟ್ಟದ್ದರ ಅರಿವಿನ ಮರದ್ದು ಮಾತ್ರ ಬೇಡ, ತಿಂದರೆ ಸಾಯುತ್ತೀಯ ಅಂತ ಎಚ್ಚರಿಸುತ್ತಾನೆ. ಆಮೇಲೆ ಪ್ರಾಣಿ ಪಕ್ಷಿಗಳು ಬರುತ್ತವೆ, ಆದಾಮ ಒಂದೊಂದಕ್ಕೂ ಹೆಸರಿಡುತ್ತಾನೆ. ಈ ನಡುವೆ ಅವನು ತೊದಲಿದ್ದಾಗಲಿ, ಎಡವಿದ್ದಾಗಲಿ ಎಲ್ಲೂ ಇಲ್ಲ. ಅಂದರೆ ಕಥೆಯ ಲೆಕ್ಕದಲ್ಲಿ ಅವನಿಗೆ ಭಾಷೆ ಮೊದಲೇ ಇತ್ತು. ಇಲ್ಲದಿದ್ದರೆ 'ತಿನ್ನಬೇಡ' ಅನ್ನೋ ಆಜ್ಞೆ ಅವನ ಕಿವಿಗೆ ಬರೀ ಸದ್ದು, ಅಲ್ವಾ?

ಭಾಷೆಗಿಂತ ಮೊದಲು ಕಣ್ಣಿನ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನು ಜಾಸ್ತಿ ಜನ ಯೋಚನೆಯೇ ಮಾಡುವುದಿಲ್ಲ. ನೋಡೋಕೆ ಕಣ್ಣು ಚೆನ್ನಾಗಿದ್ದರೆ ಸಾಕು ಅಂದ್ಕೊಳ್ತೀವಿ. ಹುಟ್ಟಾ ಕುರುಡನೊಬ್ಬನಿಗೆ ದೊಡ್ಡವನಾದ ಮೇಲೆ ಕಣ್ಣು ಬಂದರೆ, ಕೈಯಲ್ಲಿ ಮುಟ್ಟಿ ಗುರುತಿಸುತ್ತಿದ್ದ ಗೋಲ ಯಾವುದು, ಘನ ಯಾವುದು ಅಂತ ಬರೀ ನೋಡಿ ಹೇಳಬಲ್ಲನಾ? ಐರ್ಲೆಂಡಿನ ವಿಲಿಯಂ ಮಾಲಿನೋ 17ನೇ ಶತಮಾನದ ಕೊನೆಯಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಕೇಳಿದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ತಂಡ, ಹುಟ್ಟಿನಿಂದ ಕಣ್ಣು ಕಾಣದೆ ಆಮೇಲೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಐದು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಮುಟ್ಟಿ ನೋಡಿದ ವಸ್ತುವನ್ನು ಕಣ್ಣಿನಿಂದ ಗುರುತಿಸೋಕೆ ಆ ಮಕ್ಕಳಿಗೆ ಮೊದಲಿಗೆ ಆಗಲಿಲ್ಲ. ಕೆಲವೇ ದಿನ ಕಳೆದ ಮೇಲೆ ಮತ್ತೆ ಪರೀಕ್ಷಿಸಿದಾಗ ಬಹಳ ಸುಧಾರಿಸಿದ್ದರು. ಅಂದರೆ ಮಿದುಳು ನೋಡೋದನ್ನೂ ಕಲಿಯಬೇಕು. ಹಾಗಾಗಿ ಕಣ್ಣು ಬಿಟ್ಟ ತಕ್ಷಣ ಆನೆಯನ್ನೂ ಅದರ ಹಿಂದಿದ್ದ ಮರವನ್ನೂ ಆದಾಮ ಬೇರೆ ಬೇರೆಯಾಗಿ ಕಂಡಿದ್ದರೆ, ದೇವರು ಅವನಿಗೆ ಕಣ್ಣಿನ ಜೊತೆ ವರ್ಷಗಟ್ಟಲೆ ಪಳಗಿದ ಮಿದುಳನ್ನೂ ಕೊಟ್ಟಿರಬೇಕು. ನಡಿಗೆಯದೂ ಇದೇ ಕಥೆ. ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತೆ, ಮನುಷ್ಯನ ಮಗುವಿಗೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು.

ದೇವತಾಶಾಸ್ತ್ರದವರು ಇದನ್ನೆಲ್ಲ ಬಹಳ ಹಿಂದೆಯೇ ಜಾಲಾಡಿದ್ದಾರೆ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಪ್ರಕಾರ, ಮಿಕ್ಕವರಿಗೆಲ್ಲ ಆದಾಮನೇ ತಂದೆ, ಅವನೇ ಮೇಷ್ಟ್ರು. ಮಕ್ಕಳನ್ನು ಹುಟ್ಟಿಸೋಕೆ ಬೆಳೆದ ದೇಹ ಬೇಕು, ಕಲಿಸೋಕೆ ಬೆಳೆದ ಬುದ್ಧಿ ಬೇಕು. ಆದ್ದರಿಂದ ಮನುಷ್ಯ ಸಹಜವಾಗಿ ಕಲಿಯಬಹುದಾದ ಎಲ್ಲದರ ಜ್ಞಾನವನ್ನೂ ದೇವರು ಅವನಿಗೆ ಕೊಟ್ಟಿದ್ದ ಅಂತಾನೆ. ಆದರೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ, ಮುಂದೆ ಏನಾಗುತ್ತೆ, ನದಿಯಲ್ಲಿ ಎಷ್ಟು ಕಲ್ಲುಗಳಿವೆ ಅನ್ನೋದು ಅವನಿಗೆ ಗೊತ್ತಿರಲಿಲ್ಲವಂತೆ. ಆ ಕಲ್ಲಿನ ಉದಾಹರಣೆ ನನಗೆ ಬಹಳ ಇಷ್ಟ. ಆಮೇಲಾಮೇಲೆ ಇದು ಅತಿಗೆ ಹೋಯಿತು. 1662ರಲ್ಲಿ ರಾಬರ್ಟ್ ಸೌತ್ ಅನ್ನೋ ಇಂಗ್ಲಿಷ್ ಪಾದ್ರಿ, ಅರಿಸ್ಟಾಟಲ್ ಅಂದರೆ ಆದಾಮನ ಅಳಿದುಳಿದ ಕಸ ಅಷ್ಟೇ ಅನ್ನೋ ಅರ್ಥದಲ್ಲಿ ಪ್ರವಚನ ಕೊಟ್ಟ!

ಇದಕ್ಕೆ ತದ್ವಿರುದ್ಧ ಅಭಿಪ್ರಾಯ ಇನ್ನೂ ಹಳೆಯದು. 2ನೇ ಶತಮಾನದ ಕ್ರೈಸ್ತ ಗುರು ಇರೇನಿಯಸ್, ಆದಾಮ ಮತ್ತು ಅವನ ಹೆಂಡತಿ ಹವ್ವಳನ್ನು ಮಕ್ಕಳ ಹಾಗೆ ನೋಡಿದ. ಅವರಿನ್ನೂ ಬೆಳೆಯಬೇಕಿತ್ತು, ಅದಕ್ಕೇ ಅಷ್ಟು ಸುಲಭವಾಗಿ ಮೋಸ ಹೋದರು ಅಂತ ಅವನ ವಾದ. ಕಥೆಗೆ ಇದೇ ಹತ್ತಿರ ಅಂತ ನನಗನ್ನಿಸುತ್ತೆ. ಎಲ್ಲ ತಿಳಿದ ಮಹಾಪಂಡಿತ, ಹಾವೊಂದು ಹವ್ವಳಿಗೆ ಹೇಳಿದ ಎರಡು ಮಾತಿಗೆ ಮರುಳಾಗಿ ಬೇಡ ಅಂದಿದ್ದ ಹಣ್ಣು ತಿನ್ನೋದು ನಂಬೋಕೆ ಕಷ್ಟ.

ನನ್ನ ಪ್ರಕಾರ ಇಲ್ಲಿ ಕೌಶಲ ಬೇರೆ, ಅನುಭವ ಬೇರೆ ಅಂತ ಗೆರೆ ಎಳೆಯಬೇಕು. ಸೈಕಲ್ ಹೊಡೆಯೋಕೆ ಬರುತ್ತೆ, ಆದರೆ ಕಲಿಯುವಾಗ ಬಿದ್ದು ಮೊಣಕಾಲು ತರಚಿಕೊಂಡ ನೆನಪು ಮಾತ್ರ ಇಲ್ಲ, ಆದಾಮನ ಸ್ಥಿತಿ ಹಾಗೆ. ಕೌಶಲವನ್ನು ದೇವರು ಕೊಡಬಹುದು, ಅದರಲ್ಲಿ ವಿರೋಧ ಏನಿಲ್ಲ. ಆದರೆ ಅವನು ಎಂದೂ ಬೀಳದೆಯೇ ಬಿದ್ದ ನೆನಪನ್ನು ಕೊಟ್ಟರೆ ಅದು ಸುಳ್ಳು ನೆನಪು. 1857ರಲ್ಲಿ ಫಿಲಿಪ್ ಗಾಸ್ ಅನ್ನೋ ಇಂಗ್ಲಿಷ್ ಜೀವವಿಜ್ಞಾನಿ ಆದಾಮನಿಗೆ ಹೊಕ್ಕುಳು ಇತ್ತು ಅಂತ ವಾದಿಸಿ ಇದೇ ಗುಂಡಿಗೆ ಬಿದ್ದ. ತಾಯಿಯೇ ಇಲ್ಲದವನಿಗೆ ಹೊಕ್ಕುಳು ಇಟ್ಟರೆ ದೇವರು ನಡೆಯದ ಕಥೆಗೆ ಸಾಕ್ಷಿ ಸೃಷ್ಟಿಸಿದ ಹಾಗಾಯಿತಲ್ಲ, ಅಂತ ಜನ ತಿರುಗಿ ಕೇಳಿದರು.

ಅನುಭವ ಇಲ್ಲದೆ ಬರೀ ಬುದ್ಧಿ ಎಷ್ಟು ದೂರ ಹೋಗುತ್ತೆ? ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಆದಾಮನನ್ನೇ ಉದಾಹರಣೆ ಮಾಡಿಕೊಂಡ. ಅವನ ಬುದ್ಧಿ ಎಷ್ಟೇ ಪರಿಪೂರ್ಣ ಅಂದುಕೊಳ್ಳಿ, ನೀರಿನ ತಿಳಿಯನ್ನೂ ಹರಿವನ್ನೂ ನೋಡಿದ ಮಾತ್ರಕ್ಕೆ ಅದು ಉಸಿರು ಕಟ್ಟಿಸುತ್ತೆ ಅಂತ ಅವನು ಊಹಿಸಲಾರ, ಬೆಂಕಿಯ ಬೆಳಕು, ಬಿಸುಪು ನೋಡಿ ಅದು ಸುಟ್ಟುಬಿಡುತ್ತೆ ಅಂತ ತಿಳಿಯಲಾರ ಅಂದ. ಯಾರಾದರೂ ಹೇಳಬೇಕು, ಇಲ್ಲ ತಾನೇ ಕೈ ಸುಟ್ಟುಕೊಳ್ಳಬೇಕು.

ಕಥೆ ಹೇಳುವವರಿಗೆ ಇದು ಹ್ಯೂಮ್‌ಗಿಂತ ಎಷ್ಟೋ ಮೊದಲೇ ಹೊಳೆದಿತ್ತು. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಒಂದು ಕಥೆ ಬರುತ್ತೆ. ಮೊದಲ ದಿನ ಸೂರ್ಯ ಮುಳುಗಿದಾಗ, ನನ್ನ ಪಾಪದಿಂದ ಲೋಕವೇ ಕತ್ತಲಾಯಿತು ಅಂತ ಆದಾಮ ರಾತ್ರಿಯೆಲ್ಲ ಅತ್ತನಂತೆ, ಹವ್ವ ಎದುರಿಗೆ ಕೂತು ಅವಳೂ ಅತ್ತಳಂತೆ. ಬೆಳಗಾದ ಮೇಲೆ, ಓ, ಲೋಕದ ರೀತಿಯೇ ಹೀಗೆ ಅಂತ ಗೊತ್ತಾಯಿತು. ಚಳಿಗಾಲದಲ್ಲಿ ಹಗಲು ಚಿಕ್ಕದಾಗುತ್ತಾ ಹೋದಾಗಲೂ ಹೆದರಿ ಎಂಟು ದಿನ ಉಪವಾಸ ಕೂತ, ಹಗಲು ಮತ್ತೆ ಉದ್ದವಾಗೋಕೆ ಶುರುವಾದಾಗ ಎಂಟು ದಿನ ಹಬ್ಬ ಮಾಡಿದ. ಇವನಿಗೆ ಮಾತು ಗೊತ್ತು, ಪಾಪ ಗೊತ್ತು, ನಾಳೆ ಬೆಳಗಾಗುತ್ತೆ ಅನ್ನೋದು ಮಾತ್ರ ಗೊತ್ತಿಲ್ಲ!

ಕುರಾನಿನಲ್ಲಿ ಉತ್ತರ ಇನ್ನೂ ನೇರವಾಗಿದೆ. ಎರಡನೇ ಅಧ್ಯಾಯದಲ್ಲಿ ಅಲ್ಲಾಹನೇ ಆದಮ್‌ಗೆ ಎಲ್ಲ ಹೆಸರುಗಳನ್ನು ಕಲಿಸುತ್ತಾನೆ, ದೇವದೂತರಿಗೆ ಅವು ಗೊತ್ತಿರುವುದಿಲ್ಲ. ಹಾಗಾಗಿ 'ಯಾರು ಕಲಿಸಿದ್ರು' ಅನ್ನೋ ನಿಮ್ಮ ಪ್ರಶ್ನೆಗೆ ಅಲ್ಲಿ ಮೇಷ್ಟ್ರು ಸಿಗುತ್ತಾರೆ. ಆದರೂ ಎಲ್ಲವನ್ನೂ ಕಲಿಸಿರಲಿಲ್ಲ ಅಂತ ಕಾಣುತ್ತೆ. ಐದನೇ ಅಧ್ಯಾಯದಲ್ಲಿ ಆದಮ್‌ನ ಮಗ ತಮ್ಮನನ್ನು ಕೊಂದು, ಹೆಣವನ್ನು ಏನು ಮಾಡಬೇಕು ಅಂತ ತಿಳಿಯದೆ ನಿಲ್ಲುತ್ತಾನೆ. ಒಂದು ಕಾಗೆ ಬಂದು ನೆಲ ಕೆದರಿ ತೋರಿಸಬೇಕಾಯಿತು.

ನಮ್ಮ ಕಡೆ ಈ ಪ್ರಶ್ನೆ ಬೇರೆ ಥರ. ತರ್ಕಶಾಸ್ತ್ರದ ಹಳೆಯ ಗ್ರಂಥ ನ್ಯಾಯಸೂತ್ರದ ಪ್ರಕಾರ, ಆಗ ತಾನೇ ಹುಟ್ಟಿದ ಮಗು ಮೊಲೆಹಾಲಿಗೆ ಬಾಯಿ ಹಾಕೋದು ಹಿಂದಿನ ಜನ್ಮದ ಅಭ್ಯಾಸದಿಂದ. ಆದಾಮನಿಗೆ ಹಿಂದಿನ ಜನ್ಮವೇ ಇಲ್ಲ, ಹಾಗಾಗಿ ಈ ಉತ್ತರ ಅವನಿಗೆ ದಕ್ಕಲ್ಲ. ಆದರೆ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಅವನ ಥರದವನೇ ಒಬ್ಬ ಬರುತ್ತಾನೆ. ಮೊದಲಲ್ಲಿ ಇದ್ದದ್ದು ಪುರುಷನ ರೂಪದ ಆತ್ಮ ಒಂದೇ. ಅವನು ಸುತ್ತ ನೋಡಿ ಬೇರೆ ಯಾರನ್ನೂ ಕಾಣದೆ ಮೊದಲು 'ನಾನಿದ್ದೇನೆ' ಅಂತಾನೆ. ಆಮೇಲೆ ಹೆದರುತ್ತಾನೆ. ನಾನಲ್ಲದೆ ಬೇರೇನೂ ಇಲ್ಲ ಅಂದ ಮೇಲೆ ಯಾತಕ್ಕೆ ಹೆದರಲಿ ಅಂತ ಯೋಚಿಸಿದಾಗ ಭಯ ಹೋಗುತ್ತೆ. ತಾನಿದ್ದೇನೆ ಅನ್ನೋ ಅರಿವು, ಭಯ, ಅದನ್ನು ಬಿಡಿಸಿಕೊಳ್ಳೋಕೆ ಒಂದು ತರ್ಕ. ಅಲ್ಲಿ ಶುರುವಿಗೆ ಅಷ್ಟೇ ಬಂಡವಾಳ.

ಇನ್ನು 'ತಿಂದರೆ ಸಾಯುತ್ತೀಯ' ಅನ್ನೋ ಮಾತು. ಸಾವನ್ನೇ ನೋಡದವನಿಗೆ ಅದರಿಂದ ಏನು ಅರ್ಥವಾಗಿರಬಹುದು? ಏನೋ ಕೆಟ್ಟದ್ದು ಅಂತ ಆಗಿರಬಹುದು, ಅದಕ್ಕಿಂತ ಜಾಸ್ತಿ ಆಗಿರಲಿಕ್ಕಿಲ್ಲ. ಎಚ್ಚರಿಕೆ ಕೆಲಸ ಮಾಡದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಊಟದ ಪ್ರಶ್ನೆ ಸುಲಭ. ತೋಟದಲ್ಲಿ ಒಂದು ಮರ ಬಿಟ್ಟು ಮಿಕ್ಕಿದ್ದೆಲ್ಲ ತಿನ್ನಬಹುದಿತ್ತು, ಏನು ತಿನ್ನಬಹುದು ಅಂತ ದೇವರೇ ಹೇಳಿದ್ದ. ಕಷ್ಟ ಶುರುವಾಗಿದ್ದು ಹೊರಗೆ ಹಾಕಿದ ಮೇಲೆ, ಮುಳ್ಳು ಕಳೆಗಳ ನಡುವೆ ಬೆವರು ಸುರಿಸಿ ರೊಟ್ಟಿ ತಿನ್ನು ಅಂದಾಗ. ತಾಲ್ಮುಡ್‌ನಲ್ಲಿ ಬೆನ್ ಜೋಮಾ ಅನ್ನೋ ಪಂಡಿತ ಆ ಕೆಲಸಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಉಳಬೇಕು, ಬಿತ್ತಬೇಕು, ಕೊಯ್ಯಬೇಕು, ಕಂತೆ ಕಟ್ಟಬೇಕು, ಒಕ್ಕಬೇಕು, ತೂರಬೇಕು, ಆರಿಸಬೇಕು, ಬೀಸಬೇಕು, ಜರಡಿ ಹಿಡಿಯಬೇಕು, ನಾದಬೇಕು, ಸುಡಬೇಕು, ಆಮೇಲೆ ತಿನ್ನಬೇಕು. ನಾನಾದರೋ ಬೆಳಗ್ಗೆ ಎದ್ದರೆ ಇದೆಲ್ಲ ನನ್ನ ಮುಂದೆ ತಯಾರಾಗಿರುತ್ತೆ ಅಂತಾನೆ.