ಪ್ರೊಪ್ರಿಯೋಸೆಪ್ಶನ್: ನಾಯಿಯ ಕಾಲಿಗೆ ನೆಲದ ಅರಿವು

ನಿಂತಿರುವ ನಾಯಿಯ ಹೊಟ್ಟೆಯ ಕೆಳಗೆ ಒಂದು ಕೈ ಆಸರೆ ಕೊಟ್ಟು, ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಾಗಿರುವ ನಾಯಿ ತಕ್ಷಣ ಪಾದವನ್ನು ತಿರುಗಿಸಿ ಸರಿಯಾಗಿ ಊರುತ್ತದೆ. ಬೆನ್ನುಹುರಿಗೆ ಪೆಟ್ಟಾದ ನಾಯಿ ಮಡಚಿದ ಪಾದದ ಮೇಲೇ ಆರಾಮವಾಗಿ ನಿಂತುಬಿಡಬಹುದು. ಪಾದ ಎಲ್ಲಿದೆ, ಹೇಗಿದೆ ಅನ್ನೋ ಸುದ್ದಿ ಅದರ ಮಿದುಳಿಗೆ ಮುಟ್ಟುತ್ತಿಲ್ಲ. ಕಣ್ಣಿನಿಂದ ನೋಡದೆಯೇ ಮೈಯ ಅಂಗಗಳು ಎಲ್ಲಿವೆ ಅಂತ ತಿಳಿಯುವ ಈ ಅರಿವೇ ಪ್ರೊಪ್ರಿಯೋಸೆಪ್ಶನ್. 1906ರಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ ಬಳಕೆಗೆ ತಂದ ಮಾತಿದು.

ಸ್ನಾಯು, ಸ್ನಾಯುಬಂಧ, ಕೀಲುಗಳಲ್ಲಿ ಇದಕ್ಕೆಂದೇ ಸಣ್ಣ ಸಣ್ಣ ನರತುದಿಗಳಿವೆ. ಯಾವ ಸ್ನಾಯು ಎಷ್ಟು ಎಳೆದಿದೆ, ಕೀಲು ಎಷ್ಟು ಬಾಗಿದೆ ಅಂತ ಅವು ಬೆನ್ನುಹುರಿಯ ಮೂಲಕ ಮಿದುಳಿಗೆ ಹೇಳುತ್ತಲೇ ಇರುತ್ತವೆ.

ಈ ಪದ ಹೆಚ್ಚಾಗಿ ಕಿವಿಗೆ ಬೀಳುವುದು ಡ್ಯಾಶಂಡ್, ಬೀಗಲ್, ಫ್ರೆಂಚ್ ಬುಲ್‌ಡಾಗ್ ಸಾಕಿದವರಿಗೆ. ಈ ತಳಿಗಳಲ್ಲಿ ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಚಿಕ್ಕ ವಯಸ್ಸಿನಲ್ಲೇ ಒಣಗಿ ಗಟ್ಟಿಯಾಗುತ್ತದೆ. ಒಂದು ದಿನ ಅದು ಒಡೆದು ಮೇಲಿರುವ ಬೆನ್ನುಹುರಿಯನ್ನು ಒತ್ತಬಹುದು. ವಾಹನ ಗುದ್ದಿ ಬೆನ್ನುಹುರಿಗೆ ಪೆಟ್ಟಾದ ಬೀದಿ ನಾಯಿಗಳಲ್ಲೂ ಪಾದದ ಅರಿವು ಹೀಗೇ ಹೋಗುತ್ತದೆ.

ಹೀಗೆ ಒತ್ತಡ ಬಿದ್ದಾಗ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಅದಕ್ಕೊಂದು ಕ್ರಮವಿದೆ. ಪಾದದ ಸುದ್ದಿ ಒಯ್ಯುವ ನರದ ಎಳೆಗಳು ದಪ್ಪ, ಒತ್ತಡಕ್ಕೆ ಬೇಗ ಸೋಲುತ್ತವೆ. ಹಾಗಾಗಿ ಮೊದಲು ಹೋಗುವುದು ಪ್ರೊಪ್ರಿಯೋಸೆಪ್ಶನ್. ಆಮೇಲೆ ಕಾಲು ಆಡಿಸುವ ಶಕ್ತಿ, ಮೂತ್ರದ ಹಿಡಿತ. ಕೊನೆಗೆ ಹೋಗುವುದು ಆಳದ ನೋವಿನ ಅರಿವು, ಅಂದರೆ ಬೆರಳನ್ನು ಜೋರಾಗಿ ಚಿವುಟಿದಾಗ ಆಗುವ ನೋವು ಗೊತ್ತಾಗುವುದು. ಗುಣವಾಗುವಾಗ ಈ ಕ್ರಮ ಹೆಚ್ಚುಕಡಿಮೆ ತಿರುಗುಮುರುಗಾಗುತ್ತದೆ. ನೋವು ಮೊದಲು ಮರಳುತ್ತದೆ, ನಡಿಗೆ ನಡುವೆ, ಪಾದದ ಅರಿವು ಎಲ್ಲಕ್ಕಿಂತ ಕೊನೆಗೆ.

ಮನೆಯವರು ಎಡವುವುದು ಇಲ್ಲೇ. ನಾಯಿ ಎದ್ದು ನಾಲ್ಕು ಹೆಜ್ಜೆ ಇಟ್ಟಿತು, ಎಲ್ಲರಿಗೂ ಖುಷಿ, ಬೆಲ್ಟ್ ಬಿಚ್ಚಿ ಬಿಟ್ಟರು. ಆದರೆ ಪಾದಕ್ಕೆ ಇನ್ನೂ ನೆಲ ಗೊತ್ತಿಲ್ಲ. ಕಾಲು ಅಡ್ಡಡ್ಡ ಬೀಳುತ್ತದೆ, ಉಗುರು ಸವೆಯುತ್ತದೆ, ಪಾದದ ಮೇಲ್ಭಾಗ ಉಜ್ಜಿ ಗಾಯವಾಗುತ್ತದೆ. ಸೋಫಾ ಮೇಲಿಂದ ಒಮ್ಮೆ ಹಾರಿದರೆ ಡಿಸ್ಕ್ ಮತ್ತೆ ಜಾರಬಹುದು. ಡಿಸ್ಕ್ ತೊಂದರೆಗೆ ಆಪರೇಷನ್ ಇಲ್ಲದೆ ಚಿಕಿತ್ಸೆ ಮಾಡುವಾಗ ಕನಿಷ್ಠ 4 ವಾರ ಸಣ್ಣ ಜಾಗದಲ್ಲಿ ಕಟ್ಟುನಿಟ್ಟಿನ ವಿಶ್ರಾಂತಿ ಅಂತ ಡಾಕ್ಟರ್ ಹೇಳುವುದು ಸುಮ್ನೆ ಅಲ್ಲ. ಯಾವ ವ್ಯಾಯಾಮ ಯಾವಾಗ ಶುರು ಮಾಡಬೇಕು ಅನ್ನುವುದನ್ನೂ ಅವರೇ ಹೇಳಬೇಕು.

ಮನೆಯಲ್ಲಿ ಮಾಡುವ ಕೆಲಸದ ತಿರುಳು ಪಾದಕ್ಕೆ ನೆಲವನ್ನು ಮತ್ತೆ ಪರಿಚಯ ಮಾಡಿಸುವುದು. ಮೊದಲು ನೆಲವನ್ನೇ ಸರಿಮಾಡಿ. ನಮ್ಮ ಮನೆಗಳ ಟೈಲ್ಸ್, ಗ್ರಾನೈಟ್ ಇಂಥ ನಾಯಿಗೆ ದೊಡ್ಡ ಶತ್ರು. ಅದು ಓಡಾಡುವ ದಾರಿಗೆಲ್ಲ ಜಾರದ ಮ್ಯಾಟ್ ಹಾಸಿ. ಉಗುರು ಕತ್ತರಿಸಿ, ಬೆರಳ ಸಂದಿಯ ಕೂದಲು ತೆಗೆಯಿರಿ. ಬರೀ ಇಷ್ಟಕ್ಕೇ ಕೆಲವು ನಾಯಿಗಳ ನಡಿಗೆ ಸುಧಾರಿಸುತ್ತದೆ.

ನಂತರ ಕಾಲು. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದೊಂದೇ ಕೀಲನ್ನು ಮೆಲ್ಲಗೆ ಬಾಗಿಸಿ ಬಿಡಿಸಬೇಕು. ಒಂದು ಸಲಕ್ಕೆ ಹತ್ತರಷ್ಟು, ದಿನಕ್ಕೆ ಎರಡು ಮೂರು ಸಲ. ಬೆರಳ ಸಂದಿಯಲ್ಲಿ ಮೆತ್ತನೆಯ ಟೂತ್‌ಬ್ರಷ್ ಆಡಿಸಬಹುದು. ಆಮೇಲೆ ಹಿಂಗಾಲಿನ ಮುಂದೆ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ನಿಲ್ಲಿಸಿ. ಟವೆಲ್‌ನಿಂದ ಪೂರ್ತಿ ಎತ್ತಿ ಹಿಡಿಯಬೇಡಿ. ಭಾರ ಪಾದಕ್ಕೆ ಬಿದ್ದರೆ ತಾನೇ ಸುದ್ದಿ ಹೊರಡುವುದು! ಹಾಗೆ ನಿಂತಾಗ ಸೊಂಟವನ್ನು ಎಡಕ್ಕೆ, ಬಲಕ್ಕೆ ತುಸು ಓಲಾಡಿಸಿ. ನಡೆಯುವ ಹಂತ ಬಂದಾಗ ಹುಲ್ಲು, ಮರಳು, ಗೋಣಿಚೀಲ, ನಾರಿನ ಮ್ಯಾಟ್ ಹೀಗೆ ಬೇರೆ ಬೇರೆ ನೆಲ ತೋರಿಸಿ. ನೆಲದ ಮೇಲೆ ಕೋಲುಗಳನ್ನಿಟ್ಟು ನಿಧಾನಕ್ಕೆ ದಾಟಿಸಿ. ನಿಧಾನ ಅನ್ನುವುದೇ ಇಲ್ಲಿ ಮುಖ್ಯ. ಜೋರಾಗಿ ಹೋದರೆ ನಾಯಿ ಮುಂಗಾಲಿನಲ್ಲೇ ಮೈ ಎಳೆದುಕೊಂಡು ಹೋಗಿಬಿಡುತ್ತದೆ, ಹಿಂಗಾಲಿಗೆ ಕೆಲಸವೇ ಇರುವುದಿಲ್ಲ. ಐದು ನಿಮಿಷದ ಒಳ್ಳೆಯ ಅಭ್ಯಾಸ ಅರ್ಧ ಗಂಟೆಯ ಎಳೆದಾಟಕ್ಕಿಂತ ಮೇಲು. ಕಾಲು ನಡುಗಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಗೊಂದಲ ಇದೆ. ಬೆರಳು ಚಿವುಟಿದಾಗ ನಾಯಿ ಕಾಲು ಹಿಂದಕ್ಕೆಳೆದರೆ "ನೋವು ಗೊತ್ತಾಗ್ತಿದೆ, ಅಲ್ವಾ?" ಅಂದುಕೊಳ್ಳುತ್ತಾರೆ. ಕಾಲು ಹಿಂದಕ್ಕೆ ಹೋಗುವುದು ಬೆನ್ನುಹುರಿಯಷ್ಟೇ ಮಾಡುವ ಪ್ರತಿಕ್ರಿಯೆ. ಮಿದುಳಿಗೆ ಅದರ ಸುಳಿವೇ ಇಲ್ಲದಿರಬಹುದು. ನಾಯಿ ತಿರುಗಿ ನೋಡಬೇಕು, ಇಲ್ಲವೇ ಕುಂಯ್‌ಗುಡಬೇಕು, ಇಲ್ಲವೇ ಕಚ್ಚಲು ಬರಬೇಕು. ಆಗ ಮಾತ್ರ ಆಳದ ನೋವು ಉಳಿದಿದೆ ಎಂದರ್ಥ. ಅದು ಉಳಿದಿದ್ದರೆ ಆಪರೇಷನ್ ಆದ ಹೆಚ್ಚಿನ ಡಿಸ್ಕ್ ರೋಗಿಗಳು ಮತ್ತೆ ನಡೆಯುತ್ತವೆ. ಇಲ್ಲವಾದರೆ ಆ ಅವಕಾಶ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ ಅದೇ ದಿನ ಆಸ್ಪತ್ರೆಗೆ ಓಡಿ, ವ್ಯಾಯಾಮದ ಮಾತು ಆಮೇಲೆ. ನಿಮ್ಮ ಡಬ್ಬಿಯಲ್ಲಿರುವ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು.

ಪ್ರಗತಿ ಅಳೆಯಲು ಪಾದ ಮಡಚುವ ಪರೀಕ್ಷೆಯನ್ನು ದಿನವೂ ಮಾಡುತ್ತಾ ಕೂರಬೇಡಿ. ದಿನದಿಂದ ದಿನಕ್ಕೆ ವ್ಯತ್ಯಾಸ ಕಾಣುವುದಿಲ್ಲ, ನಾಯಿಗೂ ಬೇಜಾರು. ವಾರಕ್ಕೊಮ್ಮೆ ಅದೇ ಮ್ಯಾಟ್ ಮೇಲೆ, ಪಕ್ಕದಿಂದ ಒಂದು, ಹಿಂದಿನಿಂದ ಒಂದು ವಿಡಿಯೋ ತೆಗೆದಿಡಿ. ಪಾದ ಎಷ್ಟು ಸಲ ಮಡಚಿತು, ಮಡಚಿದ್ದನ್ನು ಬೇಗ ಸರಿಮಾಡಿಕೊಂಡಿತೇ ಅಂತ ಹೋಲಿಸಿ ನೋಡಿ. ಮುಂದಿನ ಭೇಟಿಯಲ್ಲಿ ಡಾಕ್ಟರ್‌ಗೂ ಅದನ್ನೇ ತೋರಿಸಿ.