ಪ್ರೊಸೆಸರ್ ತಣ್ಣಗಿದೆ, ಗ್ರಾಫಿಕ್ಸ್ ಕಾರ್ಡ್ ಮಾತ್ರ ಕಾದ ಹೆಂಚು: ಇನ್ನೊಂದು ರೇಡಿಯೇಟರ್ ಹಾಕಬೇಕೆ?

ಪ್ರಶ್ನೆ: ನನ್ನ ಕಂಪ್ಯೂಟರಿಗೆ ನಾನೇ ಬಿಡಿಭಾಗ ತಂದು ವಾಟರ್ ಕೂಲಿಂಗ್ ಜೋಡಿಸಿಕೊಂಡಿದ್ದೇನೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಂದೇ ಲೂಪ್, ಅಂದರೆ ಒಂದೇ ನೀರು ಎರಡನ್ನೂ ಸುತ್ತಿ ಬರುತ್ತದೆ. ಗೇಮ್ ಆಡುವಾಗ ಪ್ರೊಸೆಸರ್ 58 ಡಿಗ್ರಿ ದಾಟುವುದಿಲ್ಲ. ಕಾರ್ಡ್ ಮಾತ್ರ ಗೇಮ್ ತೆರೆದ ಹತ್ತೇ ಸೆಕೆಂಡಿಗೆ 80ಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಕಾರ್ಡ್ ಸುಮಾರು 320 ವ್ಯಾಟ್ ಎಳೆಯುತ್ತದೆ. ಇನ್ನೊಂದು ರೇಡಿಯೇಟರ್ ಸೇರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಯಾಕೆ ಎನ್ನುವುದು ನಿಮ್ಮ ಪ್ರಶ್ನೆಯೊಳಗೇ ಇದೆ, ಎರಡು ಕಡೆ.

ಮೊದಲನೆಯದು ಆ 58. ಪ್ರೊಸೆಸರ್ ತನ್ನನ್ನು ತಣಿಸುವ ನೀರಿಗಿಂತ ತಣ್ಣಗಿರಲು ಸಾಧ್ಯವೇ ಇಲ್ಲ. ಅದು 58ರಲ್ಲಿದೆ ಎಂದರೆ ನೀರು ಅದಕ್ಕಿಂತ ಕೆಳಗಿದೆ, ಬಹುಶಃ 40ರ ಆಸುಪಾಸಿನಲ್ಲಿ. ಅದೇ ನೀರು ಕಾರ್ಡಿನ ಬ್ಲಾಕಿನೊಳಗೂ (ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ತಾಮ್ರದ ಭಾಗ) ಹರಿಯುತ್ತಿದೆ. ರೇಡಿಯೇಟರಿನ ಕೆಲಸ ನೀರನ್ನು ತಣಿಸುವುದಷ್ಟೆ, ಆ ಕೆಲಸ ನಿಮ್ಮಲ್ಲಿ ಆಗುತ್ತಲೇ ಇದೆ. ಇನ್ನೊಂದು ರೇಡಿಯೇಟರ್ ತಂದರೆ ನೀರು ಮೂರೋ ನಾಲ್ಕೋ ಡಿಗ್ರಿ ಇಳಿದೀತು, ಕಾರ್ಡ್ 80ರ ಬದಲು 76ರಲ್ಲಿ ಕೂತೀತು.

ಎರಡನೆಯದು ಆ ಹತ್ತು ಸೆಕೆಂಡ್. ನೀರು ಬಿಸಿಯಾಗುವುದರಲ್ಲಿ ಬಲು ಸೋಮಾರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,180 ಜೂಲ್ ಬೇಕು. ನಿಮ್ಮ ಕಾರ್ಡ್ ಸೆಕೆಂಡಿಗೆ 320 ಜೂಲ್ ಶಾಖ ಸುರಿಯುತ್ತದೆ, ಅಂದರೆ ಒಂದು ಡಿಗ್ರಿಗೆ 13 ಸೆಕೆಂಡ್. ರೇಡಿಯೇಟರ್ ಫ್ಯಾನ್‌ಗಳನ್ನೆಲ್ಲ ನಿಲ್ಲಿಸಿಬಿಟ್ಟರೂ ಒಂದು ಲೀಟರಿನ ಲೂಪ್ 30ರಿಂದ 60ಕ್ಕೆ ಏರಲು ಆರು ನಿಮಿಷದ ಮೇಲಾಗುತ್ತದೆ. ಹತ್ತು ಸೆಕೆಂಡಿನಲ್ಲಿ ಚಿಪ್ 80 ಮುಟ್ಟಿದರೆ ಆ ಹೊತ್ತಿಗೆ ನೀರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಶಾಖ ಚಿಪ್ಪಿನಿಂದ ನೀರಿಗೆ ದಾಟುವ ದಾರಿಯಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಹಾಗಾಗಿ ವಾಟರ್ ಕೂಲಿಂಗ್ ಇರುವವರು ಕಾರ್ಡಿನ ಉಷ್ಣತೆಯೊಂದನ್ನೇ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಕಳೆಯುವ ಲೆಕ್ಕ. ನೀರಿನಿಂದ ಕೋಣೆಯ ಗಾಳಿಯ ಉಷ್ಣತೆಯನ್ನು ಕಳೆಯಿರಿ: ಹತ್ತರ ಸುತ್ತ ಬಂದರೆ ರೇಡಿಯೇಟರ್ ಚೆನ್ನಾಗಿ ದುಡಿಯುತ್ತಿದೆ. ಕೋರ್‌ನಿಂದ (ಕಾರ್ಡಿನ ಮುಖ್ಯ ಚಿಪ್) ನೀರನ್ನು ಕಳೆಯಿರಿ: 300 ವ್ಯಾಟ್ ಆಸುಪಾಸಿನ ಕಾರ್ಡಿಗೆ 10ರಿಂದ 15, ಹೆಚ್ಚೆಂದರೆ 20. ಹಾಟ್‌ಸ್ಪಾಟ್‌ನಿಂದ (ಅದೇ ಚಿಪ್ಪಿನ ಅತಿ ಬಿಸಿ ಜಾಗ) ಕೋರ್ ಕಳೆದರೆ ಸಾಮಾನ್ಯವಾಗಿ 10ರಿಂದ 15. ಎಚ್‌ಡಬ್ಲ್ಯುಇನ್ಫೋ ಅಥವಾ ಜಿಪಿಯು-ಝಡ್ ಎಂಬ ತಂತ್ರಾಂಶಗಳು ಕೋರ್ ಮತ್ತು ಹಾಟ್‌ಸ್ಪಾಟ್ ಎರಡನ್ನೂ ತೋರಿಸುತ್ತವೆ, ಎನ್ವಿಡಿಯಾದ 50 ಸರಣಿಯ ಕಾರ್ಡುಗಳಲ್ಲಿ ಮಾತ್ರ ಹಾಟ್‌ಸ್ಪಾಟ್ ಕಾಣಸಿಗುವುದಿಲ್ಲ. ನಿಮ್ಮ ವಿಷಯದಲ್ಲಿ ಕೋರ್ ಮತ್ತು ನೀರಿನ ನಡುವೆ 40 ಡಿಗ್ರಿ ಅಂತರ ಇರುವಂತಿದೆ. ಅದು ತೀರಾ ಹೆಚ್ಚು.

ನೀರಿನ ಸೆನ್ಸರ್ ಇಲ್ಲವೇ? ಚಿಂತೆಯಿಲ್ಲ, ಕಾರ್ಡನ್ನೇ ಥರ್ಮಾಮೀಟರ್ ಮಾಡಿಕೊಳ್ಳಬಹುದು. ಅರ್ಧ ಗಂಟೆ ಗೇಮ್ ಓಡಿಸಿ, ಥಟ್ಟನೆ ಮುಚ್ಚಿ, ಕೋರ್ ಉಷ್ಣತೆಯ ಗೆರೆ ನೋಡುತ್ತಿರಿ. ಕೆಲವೇ ಸೆಕೆಂಡಿನಲ್ಲಿ ಅದು ಧಡಕ್ಕನೆ ಬಿದ್ದು ಒಂದು ಕಡೆ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಜಾರುತ್ತದೆ. ಆ ನಿಂತ ಅಂಕಿಯೇ ಹೆಚ್ಚುಕಡಿಮೆ ನೀರಿನ ಉಷ್ಣತೆ. ಸುಮ್ಮನಿರುವ ಕಾರ್ಡ್ ಹೊರಹಾಕುವ ಶಾಖ ಕಡಿಮೆಯಾದ್ದರಿಂದ ಒಂದೆರಡು ಡಿಗ್ರಿಗಿಂತ ಜಾಸ್ತಿ ತಪ್ಪಾಗದು.

ಕಾರ್ಡ್ ಬಿಚ್ಚುವ ಮೊದಲು ಒಂದು ಅನುಮಾನ ನಿವಾರಿಸಿಕೊಳ್ಳಿ: ನೀರು ನಿಜಕ್ಕೂ ಹರಿಯುತ್ತಿದೆಯೇ? ಪಂಪ್ ನಿಂತಿದ್ದರೂ ಕಾರ್ಡ್ ಹೀಗೇ ಜಿಗಿಯುತ್ತದೆ, ಏಕೆಂದರೆ ಆಗ ಬ್ಲಾಕಿನೊಳಗಿನ ಒಂದು ಹಿಡಿ ನೀರಷ್ಟೇ ಕಾಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಪಂಪ್ ಸತ್ತಿದ್ದರೆ ಉಷ್ಣತೆ ಎಲ್ಲೂ ನಿಲ್ಲದೆ ಏರುತ್ತಲೇ ಹೋಗಿ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ಕಂಪ್ಯೂಟರೇ ಆರಿಹೋಗುತ್ತದೆ. ನಿಮ್ಮದು ಜಿಗಿದು 80ರಲ್ಲಿ ಕೂರುತ್ತದೆ. ಆದರೂ ಕೈಯಿಟ್ಟು ನೋಡಿ. ಬ್ಲಾಕಿಗೆ ಹೋಗುವ ಪೈಪೂ ಬರುವ ಪೈಪೂ ಹೆಚ್ಚುಕಡಿಮೆ ಒಂದೇ ಬೆಚ್ಚಗಿರಬೇಕು. ನಿಮಿಷಕ್ಕೆ 4 ಲೀಟರ್ ಹರಿದರೆ ಎರಡರ ನಡುವೆ ಒಂದು ಡಿಗ್ರಿ ಚಿಲ್ಲರೆ ವ್ಯತ್ಯಾಸ, 1 ಲೀಟರ್ ಹರಿದರೂ ಐದರೊಳಗೆ. ಒಂದು ತಣ್ಣಗೆ, ಇನ್ನೊಂದು ಮುಟ್ಟಲಾಗದಷ್ಟು ಬಿಸಿ ಎನಿಸಿದರೆ ಹರಿವು ನಿಮಿಷಕ್ಕೆ ಕಾಲು ಲೀಟರೂ ಇಲ್ಲ ಎಂದರ್ಥ. ಆಗ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯೇ, ಪಂಪಿನ ತಂತಿಯನ್ನು ಮದರ್‌ಬೋರ್ಡಿನ ಫ್ಯಾನ್ ಪಿನ್ನಿಗೆ ಸಿಕ್ಕಿಸಿದ್ದರಿಂದ ಅದು ಮಾಮೂಲಿ ಫ್ಯಾನಿನಂತೆ ತನ್ನ ವೇಗ ಇಳಿಸಿಕೊಳ್ಳುತ್ತಿದೆಯೇ, ಬ್ಲಾಕಿನಲ್ಲಿ ಗಾಳಿ ಸಿಕ್ಕಿಕೊಂಡು ಗುಳುಗುಳು ಸದ್ದು ಬರುತ್ತಿದೆಯೇ ನೋಡಿ. ಕ್ಯಾಬಿನೆಟ್ಟನ್ನು ನಿಧಾನವಾಗಿ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ವಾಲಿಸಿದರೆ ಗಾಳಿ ರಿಸರ್ವಾಯರಿಗೆ (ಲೂಪಿನ ನೀರಿನ ತೊಟ್ಟಿ) ಬಂದು ಸೇರುತ್ತದೆ.

(ಈ ಒಂದು ಡಿಗ್ರಿಯ ಲೆಕ್ಕದಿಂದಲೇ ಇನ್ನೊಂದು ಹಳೆಯ ಜಗಳವೂ ಮುಗಿಯುತ್ತದೆ. ನೀರು ಮೊದಲು ಪ್ರೊಸೆಸರಿಗೆ ಹೋಗಬೇಕೋ ಕಾರ್ಡಿಗೋ ಎಂದು ತಲೆಕೆಡಿಸಿಕೊಳ್ಳಬೇಡಿ. ಪೈಪ್ ಹೇಗೆ ಚೆಂದ ಬರುತ್ತದೋ ಹಾಗೆ ಹಾಕಿ.)

ಹರಿವು ಸರಿಯಿದ್ದರೆ ಬೇರೆ ದಾರಿಯಿಲ್ಲ, ಲೂಪ್ ಖಾಲಿ ಮಾಡಿ ಬ್ಲಾಕ್ ಬಿಚ್ಚಬೇಕು. ಬಿಚ್ಚಿದ ಕೂಡಲೇ ಒರೆಸಲು ಕೈಹಾಕಬೇಡಿ. ಚಿಪ್ಪಿನ ಮೇಲೆ ಪೇಸ್ಟ್ (ಚಿಪ್ಪಿನಿಂದ ಬ್ಲಾಕಿಗೆ ಶಾಖ ದಾಟಿಸಲು ನಡುವೆ ಹಚ್ಚುವ ಲೇಪ) ಹರಡಿಕೊಂಡಿರುವ ಅಚ್ಚನ್ನು ಮೊದಲು ನೋಡಿ, ಅರ್ಧ ಕಥೆಯನ್ನು ಅದೇ ಹೇಳುತ್ತದೆ. ಎಲ್ಲೆಡೆ ತೆಳ್ಳಗೆ, ಕೆಳಗಿನ ಮೇಲ್ಮೈ ಮಸುಕಾಗಿ ಕಾಣುವಂತಿದ್ದರೆ ಒತ್ತಡ ಸರಿಯಿತ್ತು. ಒಂದು ಬದಿ ತೆಳ್ಳಗೆ, ಇನ್ನೊಂದು ಬದಿ ದಪ್ಪ ಇದ್ದರೆ ಬ್ಲಾಕ್ ಓರೆಯಾಗಿ ಕೂತಿತ್ತು, ಸ್ಕ್ರೂ ಬಿಗಿ ಸಮನಾಗಿರಲಿಲ್ಲ. ಚಿಪ್ಪಿನ ಮೂಲೆ ಬರಿದಾಗಿದ್ದರೆ ಪೇಸ್ಟ್ ಅಲ್ಲಿಗೆ ತಲುಪಿಲ್ಲ ಅಥವಾ ಬಿಸಿ-ತಂಪಿನ ಹಿಗ್ಗುಕುಗ್ಗಿನಲ್ಲಿ ಹೊರಕ್ಕೆ ಹಿಂಡಿ ಹೋಗಿದೆ. ಇಡೀ ಚಿಪ್ಪಿನ ಮೇಲೆ ಪೇಸ್ಟ್ ಬೆಣ್ಣೆಯ ಹಾಗೆ ದಪ್ಪಗೆ ಉಳಿದಿದ್ದರೆ ಬ್ಲಾಕ್ ಚಿಪ್ಪನ್ನು ಒತ್ತಿಯೇ ಇಲ್ಲ, ಬೇರೇನೋ ಅದನ್ನು ಮೇಲೆತ್ತಿ ಹಿಡಿದಿದೆ.

ಆ ಬೇರೇನೋ ಬಹುತೇಕ ಥರ್ಮಲ್ ಪ್ಯಾಡ್. ಮೆಮೊರಿ ಚಿಪ್ಪುಗಳು, ವಿದ್ಯುತ್ ಭಾಗಗಳು ಎಲ್ಲ ಒಂದೇ ಎತ್ತರ ಇರುವುದಿಲ್ಲ, ಆ ಅಂತರ ತುಂಬಲು ಪ್ಯಾಡ್. ಬ್ಲಾಕಿನ ಕೈಪಿಡಿ 1 ಮಿಲಿಮೀಟರ್ ಎಂದಿರುವ ಕಡೆ 1.5 ಹಾಕಿದರೆ ಬ್ಲಾಕ್ ಪ್ಯಾಡಿನ ಮೇಲೆ ಕೂರುತ್ತದೆ, ಚಿಪ್ಪಿನ ಮೇಲಲ್ಲ. ದಪ್ಪ ಸರಿಯಿದ್ದೂ ಪ್ಯಾಡ್ ಗಡುಸಾಗಿದ್ದರೂ ಅದೇ ಪಾಡು. ಇದು ನನ್ನ ಸ್ವಂತ ಪೆಟ್ಟು. ಬ್ಲಾಕಿನ ಜೊತೆ ಬಂದ ಮೆತ್ತನೆಯ ಪ್ಯಾಡ್ ಬಿಸಾಡಿ, ಹೆಚ್ಚು ಶಾಖ ದಾಟಿಸುತ್ತದೆ ಎಂದು ಬರೆದಿದ್ದ ಗಟ್ಟಿ ಪ್ಯಾಡನ್ನು ಅದೇ ಅಳತೆಯಲ್ಲಿ ತಂದು ಹಾಕಿದೆ. ಮೆಮೊರಿ ತಣ್ಣಗಾಯಿತು, ಹಾಟ್‌ಸ್ಪಾಟ್ ನೂರರ ಹತ್ತಿರ ಹೋಯಿತು. ಎರಡು ಭಾನುವಾರ ಪೇಸ್ಟನ್ನೇ ಬೈದುಕೊಂಡು ಬದಲಿಸಿದ ಮೇಲೆ ಬುದ್ಧಿ ಬಂತು. ಹಾಗೆಯೇ ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ, ಬ್ಲಾಕಿನ ತಾಮ್ರದ ಮೇಲಿನ ರಕ್ಷಣಾ ಹಾಳೆ ಕಿತ್ತಿದ್ದೀರಾ ಎಂದೂ ನೋಡಿ. ನಗಬೇಡಿ, ಮರೆಯುವವರು ಬಹಳ ಮಂದಿ.

ಮೆಮೊರಿಯ ಮೇಲಿನ ಪ್ಯಾಡಿನಲ್ಲಿ ಚಿಪ್ಪಿನ ಚೌಕದ ಗುರುತು ತಿಳಿಯಾಗಿ ಮೂಡಿರಬೇಕು. ಗುರುತೇ ಇಲ್ಲದಿದ್ದರೆ ಅಲ್ಲಿ ಸ್ಪರ್ಶವೇ ಇರಲಿಲ್ಲ.

ಮತ್ತೆ ಜೋಡಿಸುವಾಗ ಪ್ರೊಸೆಸರಿನ ಅಭ್ಯಾಸ ಬಿಡಿ. ಪ್ರೊಸೆಸರಿಗೆ ಲೋಹದ ಮುಚ್ಚಳವಿದೆ, ನಡುವೆ ಒಂದು ಕಾಳಿನಷ್ಟು ಪೇಸ್ಟ್ ಇಟ್ಟರೆ ನಡೆಯುತ್ತದೆ. ಗ್ರಾಫಿಕ್ಸ್ ಚಿಪ್ ಬರೀ ಮೈಯಲ್ಲಿದೆ, ಅಂಚಿನವರೆಗೂ ಪೇಸ್ಟ್ ಹಚ್ಚಲೇಬೇಕು. ತುಸು ಹೆಚ್ಚಾದರೆ ಬದಿಗೆ ಹರಿಯುತ್ತದೆ, ಹಾನಿಯಿಲ್ಲ. ಒಂದು ಮೂಲೆ ಬರಿದಾದರೆ ಹಾನಿ. ಚಿಪ್ಪಿನ ಸುತ್ತಲ ನಾಲ್ಕು ಸ್ಕ್ರೂಗಳನ್ನು ಮೊದಲು, ಎದುರುಬದುರು ಮೂಲೆಗಳಂತೆ, ಒಂದೊಂದು ಸುತ್ತು ಬಿಗಿ ಮಾಡುತ್ತ ಬನ್ನಿ. ಮಿಕ್ಕವು ಆಮೇಲೆ. ಹನಿವೆಲ್‌ನ ಪಿಟಿಎಂ7950 ಹಾಳೆ ಸಿಕ್ಕರೆ ಪೇಸ್ಟಿಗಿಂತ ಅದನ್ನೇ ಹಾಕಿ ಎನ್ನುತ್ತೇನೆ: ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ತಾನೇ ಹರಡಿಕೊಳ್ಳುತ್ತದೆ, ಹೊರಕ್ಕೆ ಹಿಂಡಿ ಹೋಗುವುದು ಕಡಿಮೆ. ಮೊದಲ ಕೆಲವು ಸಲ ಕಾದು ತಣಿಯುವವರೆಗೆ ಅಂಕಿಗಳು ಸ್ವಲ್ಪ ಜಾಸ್ತಿಯೇ ಇರುತ್ತವೆ.

ಬ್ಲಾಕ್ ಕೈಯಲ್ಲಿರುವಾಗಲೇ ಅದರ ಒಳಗೂ ಇಣುಕಿ. ಚಿಪ್ಪಿನ ಮೇಲೆ ಕೂರುವ ಜಾಗದಲ್ಲಿ ಕೂದಲಿನಷ್ಟು ಅಂತರದ ತಾಮ್ರದ ಗೀರುಗಳ ಸಾಲಿದೆ, ಅದು ಜರಡಿಯ ಹಾಗೆ ಕಸ ಹಿಡಿಯುತ್ತದೆ. ತೊಳೆಯದೆ ಹಾಕಿದ ಹೊಸ ರೇಡಿಯೇಟರಿನ ಬೆಸುಗೆ ಕಸ, ಮೆತ್ತನೆಯ ಪಾರದರ್ಶಕ ಪೈಪಿನಿಂದ ಬಿಡುವ ಜಿಗುಟು, ಹಾಲಿನಂಥ ಬಣ್ಣದ ಕೂಲೆಂಟಿನ ಗಸಿ, ಎಲ್ಲ ಬಂದು ನಿಲ್ಲುವುದು ಇಲ್ಲೇ. ಇದರ ಲಕ್ಷಣ ಬೇರೆ. ಮೊದಲ ದಿನದಿಂದಲೇ 80 ಇರುವುದಿಲ್ಲ, ತಿಂಗಳುಗಟ್ಟಲೆ ಒಂದೊಂದೇ ಡಿಗ್ರಿ ಏರುತ್ತ ಬರುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್, ಪಾತ್ರೆ ತೊಳೆಯುವ ದ್ರವದ ಎರಡು ಹನಿ, ಬೆಚ್ಚನೆಯ ನೀರು ಸಾಕು, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ. ನಿಕ್ಕಲ್ ಲೇಪನಕ್ಕೆ ವಿನೆಗರ್ ಬೇಡ, ಅಕ್ರಿಲಿಕ್ ಮುಚ್ಚಳಕ್ಕೆ ಆಲ್ಕೊಹಾಲ್ ಮುಟ್ಟಿಸಲೇಬೇಡಿ, ಸಣ್ಣ ಬಿರುಕು ಬಿಡುತ್ತದೆ. ಮತ್ತೆ ಪೈಪ್ ಸಿಕ್ಕಿಸುವಾಗ ನೀರು ಒಳಬರುವ ಬಾಯಿ ಯಾವುದು ಎಂದು ಬ್ಲಾಕಿನ ಮೇಲೆ ಗುರುತಿದ್ದರೆ ಅದನ್ನೇ ಪಾಲಿಸಿ.

ಹಾಗಾದರೆ ಇನ್ನೊಂದು ರೇಡಿಯೇಟರ್ ಯಾರಿಗೆ ಬೇಕು? ಗೇಮ್ ಶುರುವಾಗಿ ಇಪ್ಪತ್ತು ನಿಮಿಷದವರೆಗೆ ಉಷ್ಣತೆ ನಿಧಾನವಾಗಿ ಏರುತ್ತಲೇ ಹೋಗಿ, ಪ್ರೊಸೆಸರ್ ಕಾರ್ಡ್ ಎರಡೂ ಜೊತೆಗೇ ಕಾಯುವವರಿಗೆ. ಅವರೂ ಮೊದಲು ಕ್ಯಾಬಿನೆಟ್ಟಿನ ಬದಿಯ ಬಾಗಿಲು ತೆಗೆದು ನೋಡಲಿ. ನೀರು ನಾಲ್ಕೈದು ಡಿಗ್ರಿ ಇಳಿದರೆ ಕೊರತೆ ಗಾಳಿಯದ್ದು. ರೇಡಿಯೇಟರ್ ಫ್ಯಾನ್‌ಗಳು ಪ್ರೊಸೆಸರಿನ ಉಷ್ಣತೆ ನೋಡಿ ತಿರುಗುತ್ತಿವೆಯೇ ಎಂಬುದನ್ನೂ ಪರೀಕ್ಷಿಸಲಿ: ಗೇಮಿನಲ್ಲಿ ಪ್ರೊಸೆಸರ್ ಆರಾಮಾಗಿದ್ದು ಕಾರ್ಡ್ ದುಡಿಯುತ್ತಿದ್ದರೆ ಫ್ಯಾನ್‌ಗಳು ನಿದ್ದೆಯಲ್ಲೇ ಇರುತ್ತವೆ. ಮದರ್‌ಬೋರ್ಡಿನಲ್ಲಿ ಎರಡು ಪಿನ್ನಿನ ಜಾಗವಿದ್ದರೆ 10 ಕಿಲೋಓಮ್‌ನ ನೀರಿನ ಸೆನ್ಸರ್ ಸಿಕ್ಕಿಸಿ, ಫ್ಯಾನ್‌ಗಳನ್ನು ಅದಕ್ಕೆ ಕಟ್ಟಿಹಾಕಿದರೆ ಆಯಿತು. ನೀರು ಮಾತ್ರ ಯಾವ ಕಾರಣಕ್ಕೂ 60ರ ಹತ್ತಿರ ಹೋಗಬಾರದು, ಪಂಪುಗಳ ಮಿತಿ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಕೆಲಸಕ್ಕೆ ಮರಳಿದರೆ, ನೀರು ತುಂಬಿದ ಮೇಲೆ ಪಂಪಿಗೆ ಮಾತ್ರ ವಿದ್ಯುತ್ ಕೊಟ್ಟು, ಜೋಡಣೆಗಳ ಕೆಳಗೆ ಟಿಶ್ಯೂ ಇಟ್ಟು, ಕೆಲವು ಗಂಟೆ ಓಡಿಸಿ ಒದ್ದೆಯಾಗುತ್ತದೆಯೇ ನೋಡಿ. ಆಮೇಲೆ ಅರ್ಧ ಗಂಟೆ ಗೇಮ್ ಓಡಿಸಿ ಗಾಳಿ, ನೀರು, ಕೋರ್, ಹಾಟ್‌ಸ್ಪಾಟ್ ನಾಲ್ಕನ್ನೂ ಬರೆದಿಡಿ. ಬ್ಲಾಕ್ ಸರಿಯಾಗಿ ಕೂತಿದ್ದರೆ ಕೋರ್ 55ರ ಆಸುಪಾಸಿನಲ್ಲಿರಬೇಕು. ಇಲ್ಲವಾದರೆ ಆ ನಾಲ್ಕು ಅಂಕಿಗಳ ಜೊತೆ ಪೇಸ್ಟಿನ ಅಚ್ಚಿನ ಫೋಟೊ ಕಳಿಸಿ, ಒರೆಸುವ ಮುಂಚೆ ತೆಗೆದದ್ದು.