ಗೆಜ್ಜೆ ಬಿಗಿಯಾದರೆ ಅಕ್ಕಸಾಲಿಗನ ಹತ್ತಿರ ಹೋಗಬೇಡಿ

ಕಳೆದ ವರ್ಷ ಗೌರಿ ಹಬ್ಬ ಮುಗಿದ ವಾರ, ಶಿಡ್ಲಘಟ್ಟದ ಕಡೆಯ ಒಬ್ಬ ಅಕ್ಕ ಚಿಕ್ಕಬಳ್ಳಾಪುರದಲ್ಲಿರುವ ನನ್ನ ಫಿಸಿಯೋಥೆರಪಿ ಕೋಣೆಗೆ ಬಂದರು. ರೇಷ್ಮೆಹುಳು ಸಾಕುವ ಮನೆ. ಗರ್ಭಕೋಶದ ಕ್ಯಾನ್ಸರ್‌ಗೆ ಆಪರೇಷನ್ ಆಗಿ 14 ತಿಂಗಳಾಗಿತ್ತು. ಎಡಗಾಲು ಭಾರ ಅಂದರು. ಯಾವಾಗಿನಿಂದ ಅಂತ ಕೇಳಿದೆ.

"ಸಂಕ್ರಾಂತಿಗೆ ಗೆಜ್ಜೆ ಬಿಗಿ ಆಯ್ತು ಮೇಡಂ. ಅಕ್ಕಸಾಲಿಗೆ ಕೊಟ್ಟು ಎರಡು ಕೊಂಡಿ ಸೇರಿಸ್ಕೊಂಡೆ."

ಎಂಟು ತಿಂಗಳು! ಕಾಲು ಹೇಳುತ್ತಲೇ ಇತ್ತು, ಗೆಜ್ಜೆ ದೊಡ್ಡದಾಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆ ಉರಿಯಿತು. ಯಾರೂ ಅವರಿಗೆ ಹೇಳಿರಲಿಲ್ಲ.

ಗರ್ಭಕೋಶ, ಗರ್ಭಕಂಠದ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಿಬ್ಬೊಟ್ಟೆಯೊಳಗಿನ ದುಗ್ಧ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುವುದುಂಟು. ಕಾಲಿನಿಂದ ಮೇಲಕ್ಕೆ ಹೋಗುವ ದುಗ್ಧರಸ, ಅಂದರೆ ಲಿಂಫ್ ಎಂಬ ತೆಳು ದ್ರವ, ಆ ಗ್ರಂಥಿಗಳ ಮೂಲಕವೇ ಹೋಗಬೇಕು. ದಾರಿ ಕಮ್ಮಿಯಾದಾಗ ಕೆಲವರಲ್ಲಿ ರಸ ಕಾಲಲ್ಲೇ ನಿಂತು ಕಾಲು ಊದುತ್ತದೆ. ಇದಕ್ಕೆ ಲಿಂಫೆಡಿಮಾ ಅನ್ನುತ್ತಾರೆ. ಆಮೇಲೆ ರೇಡಿಯೇಷನ್ ಕೊಟ್ಟರೆ ಅಪಾಯ ಇನ್ನೂ ಜಾಸ್ತಿ. ಎಲ್ಲರಿಗೂ ಆಗುವುದಿಲ್ಲ. ಆದರೆ ಆಗುವವರಿಗೆ ಒಂದೆರಡು ವರ್ಷದೊಳಗೂ ಆಗಬಹುದು, ಎಷ್ಟೋ ವರ್ಷ ಬಿಟ್ಟೂ ಆಗಬಹುದು.

ನಾನು ಹೇಳಿ ಹೇಳಿ ಸುಸ್ತಾಗಿರುವ ಮಾತು ಒಂದೇ. ಆಪರೇಷನ್‌ಗೆ ಮುಂಚೆಯೇ ಎರಡೂ ಕಾಲಿನ ಅಳತೆ ತೆಗೆದಿಡಿ. "ಎರಡು ಕಾಲು ಹೋಲಿಸಿ ನೋಡಿದರೆ ಗೊತ್ತಾಗಲ್ವಾ?" ಅಂತ ಕೇಳುತ್ತಾರೆ. ಗೊತ್ತಾಗದೇ ಹೋಗಬಹುದು. ಸ್ತನದ ಆಪರೇಷನ್ ಆದರೆ ಸಾಮಾನ್ಯವಾಗಿ ಒಂದೇ ಕೈ, ಪಕ್ಕದ ಕೈ ಜೊತೆ ಹೋಲಿಸಬಹುದು. ಇಲ್ಲಿ ಗ್ರಂಥಿಗಳನ್ನು ಎರಡೂ ಕಡೆಯಿಂದ ತೆಗೆದಿರುತ್ತಾರೆ. ಎರಡು ಕಾಲೂ ಒಟ್ಟಿಗೆ ಊದಿದರೆ ಯಾವುದರ ಜೊತೆ ಹೋಲಿಸುತ್ತೀರಿ? ನಿಮ್ಮ ಹಳೇ ಕಾಲಿನ ಜೊತೆ ಮಾತ್ರ. ಅದರ ಲೆಕ್ಕ ಬರೆದಿಟ್ಟಿರಬೇಕು.

ಟೈಲರ್ ಟೇಪ್ ಸಾಕು. ಹರಡಿನ ಗಂಟಿನಿಂದ 10 ಸೆಂ.ಮೀ. ಮೇಲೆ, ಮಂಡಿಚಿಪ್ಪಿನ ಕೆಳಗೆ 10, ಮೇಲೆ 15, ಈ ಜಾಗಗಳಲ್ಲಿ ಸುತ್ತಳತೆ ತೆಗೆಯಿರಿ. ಟೇಪ್ ಎಳೆಯಬೇಡಿ, ಸುಮ್ನೆ ಸುತ್ತಿ. ಬೆಳಗ್ಗೆ ಹಾಸಿಗೆ ಬಿಡುವ ಮುಂಚೆ, ತಿಂಗಳಿಗೊಮ್ಮೆ, ಅದೇ ಜಾಗ. ಎಲ್ಲಾದರೂ 2 ಸೆಂ.ಮೀ. ಹೆಚ್ಚಿದರೆ ಬಂದು ತೋರಿಸಿ. ಅದಕ್ಕೂ ಮುಂಚೆ ಭಾರ, ಬಿಗಿತ, ಒಂದೇ ಚಪ್ಪಲಿಯ ಪಟ್ಟಿ ಕಚ್ಚುವುದು, ಕಾಲುಂಗುರದ ಗುರುತು ಉಳಿಯುವುದು ಶುರುವಾದರೂ ಬನ್ನಿ. ಈ ಹಂತದಲ್ಲಿ ಹಿಡಿದರೆ ತುಂಬಾ ಜನರಲ್ಲಿ ಊತ ಹತೋಟಿಗೆ ಬರುತ್ತದೆ. ಬಿಟ್ಟರೆ ಚರ್ಮದ ಕೆಳಗೆ ಗಟ್ಟಿಯಾಗುತ್ತದೆ, ಆಮೇಲೆ ಇಳಿಸುವುದು ಬಹಳ ಕಷ್ಟ. ಮೂತ್ರ ಜಾಸ್ತಿ ಮಾಡುವ ನೀರಿನ ಮಾತ್ರೆ ಇದಕ್ಕೆ ಮದ್ದಲ್ಲ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದೂ ಬೇಡ. ಬಿಗಿ ಸ್ಟಾಕಿಂಗ್ಸ್ ಅಳತೆ ಕೊಟ್ಟು, ಡಾಕ್ಟರ್ ಕೇಳಿಯೇ ತೊಡಿ. ಕಾಲಿಗೆ ರಕ್ತ ತರುವ ನಾಳಗಳಲ್ಲಿ (ಅಪಧಮನಿ) ತೊಂದರೆ ಇರುವವರಿಗೆ ಅದು ಕೇಡು ಮಾಡಬಹುದು.

ನಡಿಗೆ ಬಿಡಬೇಡಿ, ತೂಕ ಏರಲು ಬಿಡಬೇಡಿ, ಕಾಲಿನ ಚರ್ಮ ಒಣಗಲು ಬಿಡಬೇಡಿ.

ಆ ಅಕ್ಕನ ಹಿಮ್ಮಡಿ ಹತ್ತಿರ ಒಂದು ಕಪ್ಪು ಚುಕ್ಕಿ ಇತ್ತು. ಸೊಪ್ಪು ಕೊಯ್ದ ಹಿಪ್ಪುನೇರಳೆ ಕಡ್ಡಿಯ ಕೂಳೆ ಚುಚ್ಚಿದ್ದು. ತೋಟಕ್ಕೆ ಬರಿಗಾಲಲ್ಲೇ ಹೋಗುತ್ತಿದ್ದರಂತೆ. ಇಂಥ ಕಾಲಿಗೆ ಸೋಂಕು ಬೇಗ ಹತ್ತುತ್ತದೆ. ಈಗ ಮುಚ್ಚಿದ ಚಪ್ಪಲಿ ಹಾಕುತ್ತಾರೆ, ಗಾಯವಾದರೆ ಸೋಪು ನೀರಲ್ಲಿ ತೊಳೆಯುತ್ತಾರೆ. ಸ್ಟಾಕಿಂಗ್ಸ್ ಹಾಕಿ ವ್ಯಾಯಾಮ ಮಾಡುತ್ತಾ ಅಳತೆ ಸ್ವಲ್ಪ ಇಳಿದಿದೆ. ಪೂರ್ತಿ ಇಳಿಯುತ್ತದೆ ಅಂತ ನಾನು ಮಾತು ಕೊಟ್ಟಿಲ್ಲ.

ಎರಡು ಸಂದರ್ಭದಲ್ಲಿ ಮಾತ್ರ ನನ್ನ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕಾಲು ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ಅವತ್ತೇ. ಒಂದು ಕಾಲು ದಿಢೀರನೆ ಊದಿ ಮೀನಖಂಡ ನೋಯತೊಡಗಿದರೂ ಅವತ್ತೇ, ಅದರಲ್ಲೂ ಆಪರೇಷನ್ ಆದ ಮೊದಲ ವಾರಗಳಲ್ಲಿ. ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಆ ಕಾಲನ್ನು ಯಾರೂ ತಿಕ್ಕಬಾರದು. ಜೊತೆಗೆ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.